ಪೆಟ್ಟಿಗೆಯೊಳಗಿನ ಗಡಿಯಾರಗಳು

ಸಹೋದರಿಯರೇ, ನಿಮ್ಮ ಮನೆಯಲ್ಲೂ ಯಾರಿಗಾದರೂ ಸಂಗ್ರಹದ ಹುಚ್ಚಿದೆಯೇ? ನಮ್ಮವರಿಗೆ ಹಳೆಯ ಕೈಗಡಿಯಾರಗಳ ಹುಚ್ಚು. ಬೀರುವಿನಲ್ಲಿ ಮಖಮಲ್ ಹಾಸಿದ ಪೆಟ್ಟಿಗೆ, ಅದರೊಳಗೆ 17 ಗಡಿಯಾರಗಳು. ಅವು ಕೆಟ್ಟಿಲ್ಲ, ಆದರೆ ಕೀಲಿ ಕೊಡುವವರಿಲ್ಲ. ಮಕ್ಕಳಂತೂ ಮುಟ್ಟುವಂತಿಲ್ಲ.

ಬೇಸಿಗೆ ರಜೆಯಲ್ಲಿ ಕಲಬುರಗಿಯ ಬಿಸಿಲಿಗೆ ಬೇಸತ್ತು ಹೈದರಾಬಾದಿನ ನಾದಿನಿಯ ಮನೆಗೆ ಹೋದೆವು. ಅಲ್ಲಿಯೂ 40 ಡಿಗ್ರಿ! 1591ರ ಚಾರ್‌ಮಿನಾರ್ ತೋರಿಸುತ್ತೇನೆಂದು ಮಕ್ಕಳನ್ನು ಹೊರಡಿಸಿದವರು, ದಾರಿಯಲ್ಲಿ ಹಳೆ ಗಡಿಯಾರದ ಅಂಗಡಿ ಕಂಡು "ಐದೇ ನಿಮಿಷ" ಎಂದು ಒಳಹೊಕ್ಕರು. ನಾವು ಹೊರಗೆ ನಿಂತು ಬೆವರು ಒರೆಸಿಕೊಂಡದ್ದೇ ಬಂತು. ಅರ್ಧ ಗಂಟೆಯಾದ ಮೇಲೆ ಕಿರಿಯ ಮಗಳು ಕೇಳಿದಳು: "ಅಮ್ಮಿ, ಅಬ್ಬಾ ಹೇಳಿದ್ದು ಯಾವ ಗಡಿಯಾರದ ಐದು ನಿಮಿಷ?" ನನಗೆ ನಗುವೂ ಬಂತು, ಸಂಕಟವೂ ಆಯಿತು.

ಮರುದಿನ ಅತ್ತೆಯನ್ನೂ ಕರೆದುಕೊಂಡು ಸಾಲಾರ್‌ಜಂಗ್ ಮ್ಯೂಸಿಯಂಗೆ ಹೋದೆವು. ನಿಜಾಮರ ದಿವಾನರಾಗಿದ್ದ ಮೂರನೇ ಸಾಲಾರ್‌ಜಂಗ್, ಮೀರ್ ಯೂಸುಫ್ ಅಲಿ ಖಾನ್, ಜೀವಮಾನವಿಡೀ ಕೂಡಿಸಿದ ವಸ್ತುಗಳವು. ಅವರು ಮದುವೆಯಾಗಿರಲಿಲ್ಲ. 1949ರಲ್ಲಿ ತೀರಿಕೊಂಡರು. 1951ರಲ್ಲಿ ಅವರ ಸಂಗ್ರಹ ಮ್ಯೂಸಿಯಂ ಆಗಿ ಜನರಿಗೆ ತೆರೆಯಿತು.

ಮಧ್ಯಾಹ್ನ 12ಕ್ಕೆ ಸ್ವಲ್ಪ ಮುಂಚೆ ಅಲ್ಲಿನ ಸಂಗೀತ ಗಡಿಯಾರದ ಮುಂದೆ ಜನ ಕಿಕ್ಕಿರಿದು ಕುಳಿತಿದ್ದರು. ಕಮ್ಮಾರನ ಗೊಂಬೆ ಒಂದೊಂದು ಸೆಕೆಂಡಿಗೂ ಸುತ್ತಿಗೆ ಬಡಿಯುತ್ತಿತ್ತು. ಗಡ್ಡದ ಗೊಂಬೆಯೊಂದು ಬಾಗಿಲು ತೆರೆದು ಬಂದು ಹನ್ನೆರಡು ಬಾರಿ ಗಂಟೆ ಹೊಡೆದು ಒಳಗೆ ಹೋಯಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಆಗ ಅತ್ತೆ ಮೆಲ್ಲನೆ ಹೇಳಿದರು: "ನೋಡು ಬೇಟಾ, ಅದು ನಡೆಯುತ್ತಿದೆ, ಅದಕ್ಕೇ ಇಷ್ಟು ಜನ ಬಂದಿದ್ದಾರೆ."

ಅತ್ತೆಯ ಕೈಯಲ್ಲಿ ಮಾವನ ಎಚ್‌ಎಂಟಿ ಜನತಾ ಇದೆ. ಆ ಕೈಗಡಿಯಾರದ ಕಾರ್ಖಾನೆಗಳನ್ನು ಮುಚ್ಚುವ ತೀರ್ಮಾನ 2016ರಲ್ಲೇ ಆಯಿತು. ಆದರೆ ಅತ್ತೆ ಇಂದಿಗೂ ಫಜ್ರ್ ನಮಾಝ್ ಆದೊಡನೆ ಅದಕ್ಕೆ ಕೀಲಿ ಕೊಡುತ್ತಾರೆ. ತನ್ನ ಸಂಗ್ರಹಕ್ಕೆ ಅದು ಬೇಕೆಂದು ಮಗ ಎಷ್ಟೋ ಸಲ ಕೇಳಿದ್ದರು. "ಪೆಟ್ಟಿಗೆಗೆ ಹಾಕಿದರೆ ಅದೂ ನಿಂತುಬಿಡುತ್ತದೆ" ಎಂದು ಅತ್ತೆ ಕೊಟ್ಟಿರಲಿಲ್ಲ.

ಅಂದು ಸಂಜೆ ಬಿಸಿಲಿಳಿದ ಮೇಲೆ ನಮ್ಮವರು ಮಕ್ಕಳನ್ನು ಚಾರ್‌ಮಿನಾರ್‌ಗೆ ಕರೆದೊಯ್ದರು. ದಾರಿಯಲ್ಲಿ ಮತ್ತೆ ಅದೇ ಅಂಗಡಿ ಸಿಕ್ಕಿತು. ಒಂದು ಕ್ಷಣ ನಿಂತರು, ಆಮೇಲೆ ಕಿರಿಯವಳ ಕೈ ಹಿಡಿದು ಮುಂದೆ ನಡೆದರು.

ಊರಿಗೆ ಬಂದ ಮೇಲೆ ಪೆಟ್ಟಿಗೆ ತೆರೆದು ಒಂದು ಗಡಿಯಾರ ತೆಗೆದು ಅವಳಿಗೆ ಕೊಟ್ಟರು. ಕೀಲಿ ಎಷ್ಟು ತಿರುಗಿಸಬೇಕು, ಬಿಗಿಯಾದೊಡನೆ ಹೇಗೆ ನಿಲ್ಲಿಸಬೇಕು ಎಂದು ಹೇಳಿಕೊಟ್ಟರು. ಈಗ ಪ್ರತಿದಿನ ಬೆಳಿಗ್ಗೆ ಅಜ್ಜಿ ಮೊಮ್ಮಗಳು ಜೊತೆಯಾಗಿ ಕುಳಿತು ಕೀಲಿ ಕೊಡುತ್ತಾರೆ.

ಸಹೋದರಿಯರೇ, ನಿಮ್ಮ ಕಪಾಟಿನಲ್ಲೂ "ಹಾಳಾದೀತು" ಎಂದು ಎತ್ತಿಟ್ಟ ವಸ್ತುಗಳಿರಬಹುದು. ಈ ರಜೆಯಲ್ಲಿ ಒಂದನ್ನಾದರೂ ಹೊರತೆಗೆದು ಮಕ್ಕಳ ಕೈಗೆ ಕೊಡಿ. ಜೊತೆಗೆ ಅವರ ಪಕ್ಕದಲ್ಲಿ ಐದು ನಿಮಿಷ ಕುಳಿತುಕೊಳ್ಳಿ.