ಕೂಲಿಯಲ್ಲ, ಕೃಪೆ: ಕೊಯಮತ್ತೂರು ಬಿಷಪ್‌ರವರಿಗೆ ಬಹಿರಂಗ ಪತ್ರ

ದಕ್ಷಿಣ ಭಾರತ ಸಭೆಯ (ಸಿಎಸ್‌ಐ) ಕೊಯಮತ್ತೂರು ಧರ್ಮಪ್ರಾಂತದ ಬಿಷಪ್ ಅಯ್ಯನವರೇ,

ಮನೆಯಲ್ಲಿ ಕನ್ನಡ, ಆರಾಧನೆಯಲ್ಲಿ ತಮಿಳು. ನಮ್ಮ ಕುಟುಂಬ ಇರುವುದು ಹೀಗೆ. ಆದ್ದರಿಂದ ಪತ್ರ ಕನ್ನಡದಲ್ಲಿದೆ, ತಮಿಳು ಪ್ರತಿ ತಮ್ಮ ಕಚೇರಿಗೆ ಬೇರೆ ಬರುತ್ತದೆ. ಕೇಳಿಕೊಳ್ಳುವುದು ಇಷ್ಟೇ. ಮನುಷ್ಯ ದೇವರ ಮುಂದೆ ನೀತಿವಂತನೆನಿಸುವುದು ತನ್ನ ಕ್ರಿಯೆಗಳಿಂದಲ್ಲ, ಕ್ರಿಸ್ತನ ಮೇಲಿನ ನಂಬಿಕೆಯಿಂದ ಎಂಬ ಬೋಧನೆಯನ್ನು ನಮ್ಮ ಸಭೆಗಳಲ್ಲಿ ಮತ್ತೆ ಬಾಯಿಬಿಟ್ಟು ಕಲಿಸಿರಿ. ಅಕ್ಟೋಬರ್ ಕೊನೆಯ ಭಾನುವಾರ ಲೂಥರನ ಹೆಸರೆತ್ತಿ ಮುಗಿಸಿಬಿಡುವ ಸಂಗತಿ ಇದಲ್ಲ.

2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ದೇಶದ ಸರಕಿನ ಮೇಲೆ ಶೇ 50 ಸುಂಕ ಹಾಕಿತಲ್ಲ, ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಬಿದ್ದ ಪೆಟ್ಟು ತಮಗೆ ಗೊತ್ತೇ ಇದೆ. ಆ ದಿನಗಳಲ್ಲಿ ಚೆಕಿಂಗ್ ಕೆಲಸದ ಒಬ್ಬ ಅಕ್ಕ ಯಾವುದೋ ಪ್ರಾರ್ಥನಾ ಕೂಟದ ಕಾಣಿಕೆ ಕವರೊಂದನ್ನು ತಂದು ತೋರಿಸಿದರು. ಮೇಲೆ ಮೂರು ಗೆರೆ: ಹೆಸರು, ಪ್ರಾರ್ಥನೆಯ ವಿಷಯ, ಮೊತ್ತ. ಎರಡನೆಯ ಗೆರೆಯಲ್ಲಿ ‘ಓವರ್‌ಟೈಮ್’ ಎಂದು ಬರೆದಿದ್ದರು, ಮೂರನೆಯದು ಖಾಲಿ. “ಹೋದ ತಿಂಗಳು ದಶಮಾಂಶ ಕಮ್ಮಿ ಹಾಕಿದೆ, ಅದಕ್ಕೇ ಕರ್ತರು ಕೆಲಸ ನಿಲ್ಲಿಸಿದರಾ?” ಎಂದು ಕೇಳಿದರು. ಅಳುತ್ತಿರಲಿಲ್ಲ. ಲೆಕ್ಕ ಎಲ್ಲಿ ತಪ್ಪಿತೆಂದು ತಿಳಿಯಬೇಕಿತ್ತು, ಅಷ್ಟೇ.

ಕಲೆ, ತೂತು, ಬಿಟ್ಟುಹೋದ ಹೊಲಿಗೆ ನೋಡಿ ಬಟ್ಟೆ ಬೇರ್ಪಡಿಸುವುದು ಅವರ ಕಸುಬು. ವಾರವಿಡೀ ಪೀಸ್ ಎಣಿಸಿ ಶನಿವಾರ ಕೂಲಿ ಪಡೆಯುವವರ ಊರು ಅದು. ಭಾನುವಾರ ಸಭೆಗೆ ಬಂದರೂ ಅದೇ ಪೀಸ್ ಲೆಕ್ಕವೇ? ರೋಮಾಪುರದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಪೌಲನು ಕೂಲಿ ಬೇರೆ, ಕೃಪೆ ಬೇರೆ ಎಂದು ಬಿಡಿಸಿಟ್ಟಿದ್ದಾನೆ. ಈ ಮಾತು ತಿರುಪ್ಪೂರಿನವರಿಗೆ ತಾಗುವಷ್ಟು ಮತ್ತಾರಿಗೆ ತಾಗೀತು? ಕೊಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಮೂರು ಪಟ್ಟು ಕೂಗಿ, ಹೆಂಡತಿಯ ಕೈಲಿ ಬೈಸಿಕೊಂಡವನು ನಾನು. ಸತ್ಕ್ರಿಯೆ ಬೇಡವೆಂದು ಲೂಥರನವರೂ ಹೇಳಲಿಲ್ಲ. 1530ರ ಔಗ್ಸ್‌ಬರ್ಗ್ ಅರಿಕೆಯ 4ನೇ ವಿಧಿ ನಂಬಿಕೆಯಿಂದ ನೀತಿ ಎಂದರೆ, 6ನೆಯದು ಆ ನಂಬಿಕೆ ಸತ್ಕ್ರಿಯೆಯ ಫಲ ಕೊಡಲೇಬೇಕು ಎನ್ನುತ್ತದೆ. ಫಲವನ್ನು ಕೊಟ್ಟು ಕೃಪೆಯನ್ನು ಕೊಳ್ಳಲು ಹೊರಟಾಗಲೇ ಕೆಡುವುದು.

ಇನ್ನು ಓದಿದವರ ಆಕ್ಷೇಪ. ಇ. ಪಿ. ಸ್ಯಾಂಡರ್ಸ್ 1977ರಲ್ಲಿ ಪೌಲನ ಕಾಲದ ಯೆಹೂದ್ಯ ಧರ್ಮದ ಮೇಲೆ ದೊಡ್ಡ ಪುಸ್ತಕ ಬರೆದರು. ಜೇಮ್ಸ್ ಡನ್, ಎನ್. ಟಿ. ರೈಟ್ ಅದನ್ನು ಮುಂದಕ್ಕೆ ಒಯ್ದರು. ಪೌಲನ ಜಗಳ ಪುಣ್ಯ ಗಳಿಕೆಯ ವಿರುದ್ಧವಲ್ಲ, ಅನ್ಯಜನರನ್ನು ದೇವಜನರ ಪಂಕ್ತಿಗೆ ಸೇರಿಸುವ ಕುರಿತು ಎಂಬುದು ಅವರ ವಾದದ ತಿರುಳು. ಯೆಹೂದ್ಯರನ್ನು ಬರೀ ಪುಣ್ಯದ ಲೆಕ್ಕ ಬರೆಯುವವರೆಂದು ನಮ್ಮವರು ಚಿತ್ರಿಸಿದ್ದು ಅನ್ಯಾಯ, ಒಪ್ಪಿದೆ. ಆದರೆ ಅದೇ 4ನೇ ಅಧ್ಯಾಯದಲ್ಲಿ ಪೌಲನು ದಾವೀದನನ್ನು ಕರೆತರುತ್ತಾನೆ. ದಾವೀದನಿಗೆ ಸುನ್ನತಿಯಾಗಿತ್ತು, ಅವನು ಒಡಂಬಡಿಕೆಯ ಒಳಗಿನವನು, ಪಂಕ್ತಿಯಲ್ಲಿ ಅವನಿಗೆ ಜಾಗಕ್ಕೇನೂ ಕೊರತೆಯಿರಲಿಲ್ಲ. ಅವನಿಗೂ ಬೇಕಾದದ್ದು ಕ್ರಿಯೆಯಿಲ್ಲದೆ ಸಿಗುವ ಕ್ಷಮೆ. ಅಂದಮೇಲೆ ಪ್ರಶ್ನೆ ಪಂಕ್ತಿಯದಷ್ಟೇ ಆಗಿರಲು ಹೇಗೆ ಸಾಧ್ಯ?

ಪಂಕ್ತಿಯ ಮಾತನ್ನು ಬಿಡಬೇಕೆಂದೂ ಅಲ್ಲ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ ಜೊತೆಗಿನ ಊಟದಿಂದ ಹಿಂದೆ ಸರಿದಾಗ ಪೌಲನು ಎಲ್ಲರೆದುರಿಗೆ ಅವನಿಗೆ ಎದುರು ನಿಂತ. ಆ ಜಗಳವನ್ನು ಹೇಳುತ್ತಲೇ ಗಲಾತ್ಯದವರಿಗೆ ಈ ಬೋಧನೆಯನ್ನು ವಿವರಿಸಿದ. ನೀತಿಯೆಂಬುದು ಒಂಟಿ ಆತ್ಮದ ಖಾಸಗಿ ಸಮಾಧಾನ, ಸಾಮಾಜಿಕ ನ್ಯಾಯಕ್ಕೆ ಅದರಿಂದ ಉಪಯೋಗವಿಲ್ಲ ಎನ್ನುವವರು ಈ ಜಾಗ ಓದಬೇಕು. ಕ್ರಿಯೆಯೇ ಎಣಿಕೆಗೆ ಬಾರದ ಮೇಲೆ ಹುಟ್ಟು ಎಲ್ಲಿಯ ಎಣಿಕೆ? ಇದೇ ತಮಿಳುನಾಡಿನಲ್ಲಿ ಸತ್ತವರಿಗೂ ಜಾತಿಯ ಗೋಡೆ ಕಟ್ಟಿದ ಕ್ರೈಸ್ತ ಸ್ಮಶಾನಗಳಿವೆ. ಅಲ್ಲಿ ಸೋತದ್ದು ಈ ಬೋಧನೆಯಲ್ಲ, ಇದನ್ನು ನಂಬದ ನಾವು.

ಈ ಬೋಧನೆಯ ಕುರಿತು ಕಥೋಲಿಕರೊಂದಿಗಿನ ಜಗಳ 1999ರ ಅಕ್ಟೋಬರ್ 31ರಂದೇ ಮುಗಿಯಿತಲ್ಲ ಎನ್ನುವವರಿದ್ದಾರೆ. ಅಂದು ಔಗ್ಸ್‌ಬರ್ಗಿನಲ್ಲಿ ಲೂಥರನ್ ಒಕ್ಕೂಟವೂ ರೋಮೂ ಜಂಟಿ ಘೋಷಣೆಗೆ ಸಹಿ ಹಾಕಿದವು. 2006ರಲ್ಲಿ ಮೆಥೋಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳು ಸೇರಿಕೊಂಡವು. ನಡುವೆ 2016ರಲ್ಲಿ ಆಂಗ್ಲಿಕನ್ ಸಮಾಲೋಚನಾ ಮಂಡಳಿ ಅದರ ಸಾರವನ್ನು ಒಪ್ಪಿತು. ಸಿಎಸ್‌ಐ ಈ ಮೂರೂ ಬಳಗಗಳ ಸದಸ್ಯ. ನನಗೆ ಸಂತೋಷವೇ, ಆದರೆ ಉಳಿದ ಭಿನ್ನಾಭಿಪ್ರಾಯಗಳನ್ನು ಘೋಷಣೆ ಮುಚ್ಚಿಟ್ಟಿಲ್ಲ. ಅದು ಒಪ್ಪಿದ್ದು ಕೃಪೆಯನ್ನು, ಮೌನವನ್ನಲ್ಲ.

ಈ ಬೋಧನೆ ಜರ್ಮನಿಯ ಸರಕು, ನಮ್ಮ ಮಣ್ಣಿಗೆ ಒಗ್ಗದು ಎಂಬ ಮಾತೂ ಉಂಟು. ದೇವರ ಕೃಪೆಗೆ ಮನುಷ್ಯನ ಪ್ರಯತ್ನ ಬೇಕೇ ಬೇಡವೇ ಎಂಬುದನ್ನೇ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ ಎಂದು ಶ್ರೀವೈಷ್ಣವರು ಶತಮಾನಗಟ್ಟಲೆ ವಾದಿಸಿದ ನಾಡಿನಲ್ಲಿ ಹಾಗೆನ್ನಲು ಧೈರ್ಯ ಬೇಕು. 1950ರಲ್ಲಿ ತಮ್ಮ ಪೀಠದ ಮೊದಲ ಬಿಷಪ್ ಆದ ಎ. ಜೆ. ಅಪ್ಪಸಾಮಿಯವರು ಕ್ರೈಸ್ತಧರ್ಮವನ್ನು ಭಕ್ತಿಮಾರ್ಗವಾಗಿ ಕಂಡು ಬರೆದವರು.

ಮುಂದಿನ ದೃಢೀಕರಣಕ್ಕೆ ತಿರುಪ್ಪೂರಿಗೆ ಬಂದಾಗ, ಕೈಯಿಡುವ ಮುನ್ನ ಒಂದಿಬ್ಬರು ಮಕ್ಕಳನ್ನು ಕೇಳಿನೋಡಿ, ದೇವರು ನಿನ್ನನ್ನು ಯಾಕೆ ಒಪ್ಪಿಕೊಂಡ ಎಂದು. “ಚೆನ್ನಾಗಿ ನಡೆದುಕೊಳ್ಳುತ್ತೇನೆ, ಅದಕ್ಕೆ” ಎಂಬ ಉತ್ತರ ಬಂದರೆ ಮಗುವನ್ನು ಗದರಬೇಡಿ. ಕಲಿಸಿದವರನ್ನು ಕರೆಸಿ ಮಾತಾಡಿ, ಆ ವರ್ಷದ ಪಾಠಪಟ್ಟಿಯನ್ನು ತಾವೇ ಕೂತು ತಿದ್ದಿ.

ತಮ್ಮ ಸಭೆಯ ಒಬ್ಬ ಸದಸ್ಯ,
ಕೊಯಮತ್ತೂರು