ವೇಷ ಧರಿಸಿದ ಸಾಕ್ಷಿ

ತನ್ನ ನಿಜವಾದ ಉದ್ದೇಶವನ್ನು ಮರೆಮಾಚಿ, ಕೂಲಿಯವನ ವೇಷದಲ್ಲಿ ಬಡವರ ನಡುವೆ ಸೇರಿ, ಅವರು ನಂಬಿ ಆಡಿದ ಮಾತನ್ನೂ ಮಾಡಿದ ಕೆಲಸವನ್ನೂ ಗುಪ್ತವಾಗಿ ದಾಖಲಿಸಿಕೊಳ್ಳುವುದು ಸಾಮಾನ್ಯ ನೀತಿಯು ಸುಲಭವಾಗಿ ಒಪ್ಪತಕ್ಕ ಕಾರ್ಯವಲ್ಲ. ಆದರೂ ಕಾಂಬೋಡಿಯದ ದುರ್ಗಮಾರಣ್ಯಗಳಲ್ಲಿ ವರ್ಷಗಟ್ಟಲೆ ಇದನ್ನೇ ಮಾಡಿದ ಔಚ್ ಲೆಂಗ್ ಎಂಬ ನ್ಯಾಯಶಾಸ್ತ್ರವೇತ್ತರ ಸಾಹಸವು ಧರ್ಮಸಮ್ಮತವೆಂದೇ ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಅವರು ಬಯಲಿಗೆಳೆಯಲು ಹೊರಟದ್ದು ಕೊಡಲಿ ಹಿಡಿದವನ ದಾರಿದ್ರ್ಯವನ್ನಲ್ಲ, ಕಡತ ಹಿಡಿದವನ ಅಪರಾಧವನ್ನು.

ಆ ಅಪರಾಧದ ಸ್ವರೂಪವನ್ನು ಅರಿತಲ್ಲದೆ ವೇಷದ ಅಗತ್ಯವು ಮನಸ್ಸಿಗೆ ಬಾರದು. ಆ ದೇಶದ 2001ರ ಭೂಕಾಯಿದೆಯು ರಬ್ಬರು, ಕಬ್ಬು ಮೊದಲಾದ ಬೆಳೆಗಳ ತೋಟ ಮಾಡತಕ್ಕವರಿಗೆ ಸರ್ಕಾರದ ಭೂಮಿಯನ್ನು 10,000 ಹೆಕ್ಟೇರುಗಳ ಮಿತಿಯೊಳಗೆ, 99 ವರ್ಷಗಳವರೆಗೂ ಗುತ್ತಿಗೆ ಕೊಡಲು ಅವಕಾಶವನ್ನು ಕಲ್ಪಿಸಿತು. ತೋಟಕ್ಕಾಗಿ ನೆಲವನ್ನು ತೆರವು ಮಾಡುವ ನೆಪದಿಂದ ಗುತ್ತಿಗೆಯ ಎಲ್ಲೆಯೊಳಗಿನ ಅರಣ್ಯವು ಮೊದಲು ಉರುಳಿತು. ಅನಂತರ, ಎಲ್ಲೆಯಾಚೆಯ ಸಂರಕ್ಷಿತಾರಣ್ಯದಲ್ಲಿ ಕಡಿದ ಬೆಲೆಬಾಳುವ ದಿಮ್ಮಿಗಳನ್ನೂ ಅದೇ ಗುತ್ತಿಗೆಯೊಳಕ್ಕೆ ತಂದು, ಅಲ್ಲಿಯ ಉತ್ಪನ್ನವೆಂಬ ಕಾಗದಪತ್ರಗಳೊಡನೆ ಹೊರಸಾಗಿಸುವ ಮಾರ್ಗವು ತೆರೆಯಿತು. ನಮ್ಮ ಮಲೆನಾಡಿನ ಬೀಟೆಗೆ ಸಜಾತಿಯಾದ ಸಯಾಮಿನ ಬೀಟೆಯು ಚೀನದ ಶ್ರೀಮಂತರ ಪೀಠೋಪಕರಣಗಳಿಗಾಗಿ ಅಪಾರವಾದ ಬೆಲೆಯನ್ನು ಪಡೆಯುತ್ತಿದ್ದ ಕಾಲದಲ್ಲಿ ಈ ಮಾರ್ಗವು ನಿರ್ಜನವಾಗಿ ಉಳಿಯುವ ಸಂಭವವೇ ಇರಲಿಲ್ಲ. ನಷ್ಟವೆಲ್ಲವೂ ಕಾಡಿನ ಮಕ್ಕಳ ಪಾಲಿಗೆ ಬಂದಿತು. ಪ್ರೇ ಲಾಂಗ್ ಅರಣ್ಯದ ಕೂಯಿ ಜನರು ಬೃಹದ್ವೃಕ್ಷಗಳಿಂದ ರಾಳವನ್ನು ಸಂಗ್ರಹಿಸಿ, ಮರವನ್ನು ಕೊಲ್ಲದೆ ತಲೆಮಾರುಗಳಿಂದ ಜೀವನ ಸಾಗಿಸಿದವರು. ಮರವು ಉರುಳಿದ ದಿನವೇ ಅವರ ಆದಾಯದ ಮೂಲವೂ ಅಳಿಯಿತು.

ಇಂತಹ ವ್ಯವಹಾರವನ್ನು ಹಗಲಿನಲ್ಲಿ, ತಮ್ಮ ಹೆಸರಿನಲ್ಲಿಯೇ ಪ್ರಶ್ನಿಸಿದವರಿಗೆ ಒದಗಿದ ಗತಿಯೇನೆಂಬುದು ಲೋಕವಿದಿತವಾಗಿದೆ. ಅರಣ್ಯರಕ್ಷಣೆಗಾಗಿ ಬಹಿರಂಗವಾಗಿ ಹೋರಾಡಿದ ಚುಟ್ ವುಟ್ಟಿಯವರು 2012ರ ಏಪ್ರಿಲ್ 26ರಂದು ಕೋ ಕಾಂಗ್ ಪ್ರಾಂತ್ಯದಲ್ಲಿ ಗುಂಡಿಗೆ ಬಲಿಯಾದರು. ಔಚ್ ಲೆಂಗರಾದರೋ ಕೂಲಿಯಾಗಿ, ಚಾಲಕನಾಗಿ, ಅಡುಗೆಯವನಾಗಿ, ನಾಟಾ ವ್ಯಾಪಾರಿಯಾಗಿ, ಪ್ರವಾಸಿಯಾಗಿ ಸಂಚರಿಸಿ, ಮರವು ಬುಡದಿಂದ ಮಾರುಕಟ್ಟೆಯವರೆಗೆ ಸಾಗುವ ಪಥವನ್ನು ಪ್ರಮಾಣಸಹಿತವಾಗಿ ಬಹಿರಂಗಪಡಿಸಿದರು. ಇದರ ಬೆನ್ನಲ್ಲೇ 2014ರಲ್ಲಿ ಅಲ್ಲಿಯ ಸರ್ಕಾರವು ಸುಮಾರು 2,20,000 ಎಕರೆ ಅರಣ್ಯವನ್ನು ಒಳಗೊಂಡ 23 ಗುತ್ತಿಗೆಗಳನ್ನು ರದ್ದುಪಡಿಸಿತು. ಅವುಗಳಲ್ಲಿ ಎರಡು ವೀರಚೇಯ್ ರಾಷ್ಟ್ರೀಯೋದ್ಯಾನದ ಒಳಗೇ ಇದ್ದವು. 2016ರಲ್ಲಿ ಔಚ್ ಲೆಂಗರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿಯು ಲಭಿಸಿತಾದರೂ ಆ ಕೀರ್ತಿಯು ಅವರಿಗೆ ಕವಚವಾಗಲಿಲ್ಲ; 2020ರಲ್ಲಿ ಪ್ರೇ ಲಾಂಗ್‌ನಲ್ಲಿ ಸಹಚರರೊಡನೆ ಬಂಧನಕ್ಕೊಳಗಾಗಿ ಕೆಲವು ದಿನಗಳ ಮೇಲೆ ಬಿಡುಗಡೆ ಹೊಂದಿದರು.

ಇಷ್ಟಾದರೂ ಗೂಢಶೋಧನೆಗೆ ಒಂದು ಮರ್ಯಾದೆಯನ್ನು ವಿಧಿಸಲೇಬೇಕು. ಮರ ಕಡಿಯುವ ಬಡಪಾಯಿಯು ದಿನಗೂಲಿಯ ಆಳು; ಗುಪ್ತ ಚಿತ್ರದಲ್ಲಿ ಮೂಡುವುದು ಅವನ ಮುಖ, ಲಾಭವು ಸೇರುವುದು ಅವನೆಂದೂ ಕಾಣದ ಧಣಿಯ ಬೊಕ್ಕಸ. ಸೆರೆಮನೆಗೆ ಅವನೊಬ್ಬನೇ ಹೋಗುವಂತಾದರೆ ಆ ಶೋಧನೆಯು ದ್ರೋಹದಲ್ಲಿಯೇ ಪರ್ಯವಸಾನವಾಗುತ್ತದೆ. ಪರವಾನಗಿಗೆ ರುಜು ಹಾಕಿದವನನ್ನೂ, ಸುಳ್ಳು ಕಾಗದವನ್ನು ಸೃಷ್ಟಿಸಿದವನನ್ನೂ, ತಿಳಿದೂ ಆ ಮರವನ್ನು ಕೊಂಡವನನ್ನೂ ನ್ಯಾಯಾಸನದ ಮುಂದೆ ನಿಲ್ಲಿಸಿದಾಗ ಮಾತ್ರವೇ ವೇಷವು ಸಾರ್ಥಕವಾಗುವುದು.

ಪ್ರಜೆಯೊಬ್ಬನು ಪ್ರಾಣವನ್ನು ಪಣವಿಟ್ಟು ವೇಷಾಂತರದಿಂದ ತಿಳಿಯಬೇಕಾದ ಸಂಗತಿಯು ನ್ಯಾಯವಾಗಿ ಸಾರ್ವಜನಿಕ ಕಚೇರಿಯ ಮೇಜಿನ ಮೇಲೆ ಇರತಕ್ಕದ್ದು. ಯಾವ ಭೂಮಿಯು ಯಾರಿಗೆ ಗುತ್ತಿಗೆಯಾಗಿದೆ, ಅದರ ಎಲ್ಲೆ ಯಾವುದು, ಯಾವ ದಿಮ್ಮಿಯು ಯಾವ ರಹದಾರಿಯ ಮೇಲೆ ಸಾಗುತ್ತಿದೆ ಎಂಬುದನ್ನು ಎಲ್ಲ ಸರ್ಕಾರಗಳೂ, ನಮ್ಮದೂ ಸೇರಿ, ಯಾರು ಬೇಕಾದರೂ ನೋಡುವಂತೆ ಪ್ರಕಟಿಸಬೇಕು. ಓದುಗರಲ್ಲಿಯೂ ಒಂದು ಪ್ರಾರ್ಥನೆ: ಮನೆಗೆ ಬಾಗಿಲನ್ನೋ ಮಂಚವನ್ನೋ ಕೊಳ್ಳುವಾಗ, ಈ ಮರವು ಎಲ್ಲಿ ಬೆಳೆದದ್ದು, ಯಾರ ಅನುಮತಿಯಿಂದ ಕಡಿದದ್ದು ಎಂದು ವ್ಯಾಪಾರಿಯನ್ನು ಕೇಳಿರಿ; ಉತ್ತರವು ದೊರೆಯದಿದ್ದರೆ ಅದನ್ನು ಕೊಳ್ಳದೆ ಹಿಂದಿರುಗಿರಿ.