ಶಾಲೆಯ ಸಮಿತಿ ಮತ್ತು ಸದಸ್ಯರ ಭಾವಮೈದುನ

ಊರು ಬಿಟ್ಟು ಬಂದ ಜನ ನಾಲ್ಕು ಮನೆ ಸೇರಿದರೆ ಮೊದಲು ಒಂದು ಸಂಘ ಕಟ್ಟುತ್ತಾರೆ. ಕೈಯಲ್ಲಿ ನಾಲ್ಕು ಕಾಸು ಕೂಡಿದರೆ ಶಾಲೆಯ ಯೋಚನೆ ಮಾಡುತ್ತಾರೆ. ದೆಹಲಿಯಲ್ಲಿ ತಮಿಳರೂ ಆಂಧ್ರರೂ ಮಾಡಿದ್ದು ಇದನ್ನೇ. ಲೋದಿ ಎಸ್ಟೇಟಿನಲ್ಲಿ ಕನ್ನಡದ ಹೆಸರು ಹೊತ್ತ ಶಾಲೆಯೊಂದು ನಿಂತಿದೆಯೆಂಬುದು ನಮಗೆಲ್ಲ ಹೆಮ್ಮೆ. ಆದರೆ ಇಂಥ ಶಾಲೆಗಳನ್ನು ನಡೆಸುವ ಸಮಿತಿಯಲ್ಲಿ ಯಾರಿರುತ್ತಾರೆ, ಅವರ ಕೆಲಸವೇನು ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ತಲೆ ಕೆರೆದುಕೊಳ್ಳುತ್ತೇವೆ. ಇಲ್ಲಿ ಬರೆಯುವುದು ಯಾವ ಒಂದು ಶಾಲೆಯನ್ನು ಕುರಿತೂ ಅಲ್ಲವೆಂದು ಮೊದಲೇ ಹೇಳಿಬಿಡುತ್ತೇವೆ.

1973ರ ದೆಹಲಿ ಶಾಲಾ ಶಿಕ್ಷಣ ನಿಯಮಗಳ ಪ್ರಕಾರ ಅನುದಾನಿತ ಶಾಲೆಯ ಆಡಳಿತ ಸಮಿತಿಯಲ್ಲಿ 15ಕ್ಕಿಂತ ಹೆಚ್ಚು ಮಂದಿ ಇರಕೂಡದು. ಅನುದಾನವಿಲ್ಲದ ಶಾಲೆಯಲ್ಲಿ 21. ಮುಖ್ಯೋಪಾಧ್ಯಾಯರು, ಉಪಾಧ್ಯಾಯರು ಆರಿಸಿದ ಇಬ್ಬರು ಉಪಾಧ್ಯಾಯರು, ಪಾಲಕರ ಸಂಘ ಆರಿಸಿದ ಒಬ್ಬ ಪಾಲಕರು, ಶಿಕ್ಷಣ ನಿರ್ದೇಶಕರು ಹೆಸರಿಸಿದವರು ಇರಬೇಕು. ಪಾಲಕರಿಗೆ ಒಂದೇ ಕುರ್ಚಿ, ನೋಡಿ! ಸರಕಾರಿ ಶಾಲೆಗಳಲ್ಲಿ ಹಾಗಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ನಾಲ್ಕರಲ್ಲಿ ಮೂರು ಪಾಲು ಸ್ಥಾನಗಳನ್ನು ತಂದೆತಾಯಿಗಳಿಗೇ ಬಿಟ್ಟಿದೆ, ಅರ್ಧದಷ್ಟು ಹೆಂಗಸರಿರಬೇಕೆಂದೂ ಹೇಳಿದೆ. ನಮ್ಮ ಕರ್ನಾಟಕದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂಬುದು 2001ರಲ್ಲಿಯೇ ಹುಟ್ಟಿತು.

ಸಮಿತಿಯವರು ಪಾಠ ಹೇಳುವುದಿಲ್ಲ. ಲೆಕ್ಕ ನೋಡುತ್ತಾರೆ, ನೇಮಕ ಮಾಡುತ್ತಾರೆ, ಗುತ್ತಿಗೆ ಕೊಡುತ್ತಾರೆ. ತೊಡಕು ಇರುವುದು ಇಲ್ಲಿಯೇ. ಪರಊರಿನಲ್ಲಿ ನಾವು ಇರುವವರೇ ಕೆಲವರು. ಒಬ್ಬರಿಗೊಬ್ಬರು ಬೀಗರು, ಇಲ್ಲವೇ ಒಂದೇ ಆಫೀಸಿನವರು, ಅದೂ ಇಲ್ಲದಿದ್ದರೆ ಒಂದೇ ಜಿಲ್ಲೆಯವರು. ಸಮವಸ್ತ್ರ ಹೊಲಿಸಬೇಕೆಂದರೆ ಸದಸ್ಯರೊಬ್ಬರ ಭಾವಮೈದುನನ ಅಂಗಡಿ ನೆನಪಾಗುತ್ತದೆ. ಗಣಿತಕ್ಕೆ ಉಪಾಧ್ಯಾಯಿನಿ ಬೇಕೆಂದರೆ ಇನ್ನೊಬ್ಬರ ಸೊಸೆ ಎಂ.ಎಸ್‌ಸಿ. ಮಾಡಿಕೊಂಡು ಮನೆಯಲ್ಲಿರುತ್ತಾಳೆ. ಭಾವಮೈದುನನ ಬಟ್ಟೆ ಒಳ್ಳೆಯದೇ ಇರಬಹುದು. ಸೊಸೆ ಬಹಳ ಚೆನ್ನಾಗಿ ಪಾಠ ಹೇಳಲೂಬಹುದು. ಸಂಬಂಧವಿರುವುದು ಅಪರಾಧವೆಂದು ಯಾರೂ ಹೇಳಿಲ್ಲ. ಸಂಬಂಧವಿದ್ದೂ ಸುಮ್ಮನೆ ಕೂತು ಕೈ ಎತ್ತುವುದೇ ತಪ್ಪು. 'ಜೇನು ಕಿತ್ತವನು ಕೈ ನೆಕ್ಕದೆ ಇರುತ್ತಾನೆಯೇ' ಎಂದು ನಗುತ್ತಾ ಹೇಳಿ ಮುಗಿಸುವ ಅಭ್ಯಾಸ ನಮ್ಮದು. ಆ ಗಾದೆಯನ್ನು ಶಾಲೆಯ ಅಂಗಳದಿಂದ ಆಚೆಗೆ ಇಡುವುದು ಒಳ್ಳೆಯದು, ಏಕೆಂದರೆ ಅಲ್ಲಿರುವ ಜೇನು ಮಕ್ಕಳ ಫೀಸು.

ಗುಮಾಸ್ತರಾದ ನಮಗೆ ಇದೇನೂ ಹೊಸ ಪಾಠವಲ್ಲ. 1964ರ ಕೇಂದ್ರ ಸರಕಾರಿ ನೌಕರರ ನಡತೆ ನಿಯಮಗಳಲ್ಲಿ ನಾಲ್ಕನೆಯದನ್ನು ತೆಗೆದು ನೋಡಿ: ಮನೆಯವರು ಕೆಲಸದಲ್ಲಿರುವ ಕಂಪೆನಿಯ ಕಡತ ಮೇಜಿಗೆ ಬಂದರೆ ನಾವು ತೀರ್ಮಾನಿಸಕೂಡದು, ಮೇಲಿನವರಿಗೆ ಕಳಿಸಬೇಕು. ಹಗಲೆಲ್ಲ ಈ ಶಿಸ್ತಿನಲ್ಲಿದ್ದವರು ಸಂಜೆ ಸಮಿತಿಗೆ ಬಂದೊಡನೆ ಅದನ್ನು ಕೋಟಿನ ಜತೆಗೆ ಗೂಟಕ್ಕೆ ನೇತುಹಾಕುವುದು ಏಕೋ ತಿಳಿಯದು. ದೆಹಲಿಯ ಶಾಲಾ ನಿಯಮವೂ ಅದನ್ನೇ ಹೇಳುತ್ತದೆ: ಅಭ್ಯರ್ಥಿ ಆಯ್ಕೆ ಸಮಿತಿಯ ಸದಸ್ಯರ ನೆಂಟರಾದರೆ ಆ ಸದಸ್ಯರು ಆಯ್ಕೆಯಲ್ಲಿ ಭಾಗವಹಿಸಕೂಡದು, ಅವರ ಜಾಗಕ್ಕೆ ಬೇರೆಯವರನ್ನು ಹೆಸರಿಸಬೇಕು.

ಇಂಗ್ಲೆಂಡಿನಲ್ಲಿ ಶಾಲೆಯ ಗವರ್ನರರಿಗೆ ಸಂಬಳವಿಲ್ಲ. ಆದರೂ ತಮ್ಮ ವ್ಯಾಪಾರ, ನೆಂಟಸ್ತಿಕೆಗಳನ್ನು ಒಂದು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. 2015ರಿಂದ ಸರಕಾರಿ ಹಣದ ಶಾಲೆಗಳು ಅದನ್ನು ಎಲ್ಲರೂ ನೋಡುವಂತೆ ಪ್ರಕಟಿಸಬೇಕಾಗಿದೆ. ತನಗೆ ಸಂಬಂಧಿಸಿದ ವಿಷಯ ಬಂದಾಗ ಎದ್ದು ಹೊರಗೆ ಹೋಗಬೇಕು. ನಮ್ಮಲ್ಲಿ ಕಷ್ಟವಾಗಿರುವುದು ಈ ಎದ್ದು ಹೋಗುವುದೇ. 'ನೀವು ಕೂತಿದ್ದರೇನು ಸ್ವಾಮಿ, ನಾವೇನು ಹೊರಗಿನವರೇ?' ಎಂದು ಉಳಿದವರು ಉಪಚಾರ ಹೇಳುತ್ತಾರೆ. ಅವರು ಕೂತೇ ಇದ್ದರೆ, ಬಟ್ಟೆಯ ಬಣ್ಣ ಹೋಗುತ್ತದೆಂದು ಅವರ ಎದುರಿಗೆ ಹೇಳುವ ದಾಕ್ಷಿಣ್ಯಗೇಡಿ ಯಾರು? ಆದ್ದರಿಂದ ಅಧ್ಯಕ್ಷರು ಸಭೆಯ ಮೊದಲಿಗೇ, ಒಬ್ಬರನ್ನು ಬೆರಳು ಮಾಡಿ ತೋರಿಸದೆ, ಎಲ್ಲರನ್ನೂ ಕೇಳಿಬಿಡಬೇಕು: ಇಂದಿನ ವಿಷಯಗಳಲ್ಲಿ ಯಾರಿಗಾದರೂ ಸ್ವಂತದ ಸಂಬಂಧ ಉಂಟೇ? ಉಂಟೆಂದವರು ಹೊರಗಿದ್ದಾಗ ಮೂರು ಕಡೆಯ ದರ ನೋಡಿ ತೀರ್ಮಾನಿಸಿ, ಅವರು ಹೊರಗಿದ್ದರೆಂಬುದನ್ನೂ ನಡವಳಿಕೆ ಪುಸ್ತಕದಲ್ಲಿ ಬರೆಯಬೇಕು. ಆಗ ಭಾವಮೈದುನನಿಗೇ ಗುತ್ತಿಗೆ ಸಿಕ್ಕರೂ ಯಾರೂ ಪಿಸುಗುಟ್ಟುವಂತಿಲ್ಲ.

ಹಾಗೆಂದು ಎಲ್ಲದಕ್ಕೂ ಎದ್ದು ಹೋಗುವುದೂ ಅತಿಯಾಯಿತು. ಫೀಸಿನ ಚರ್ಚೆಯಲ್ಲಿ ಪಾಲಕ ಪ್ರತಿನಿಧಿಗೆ ಸ್ವಾರ್ಥವಿದೆಯೆಂದು ಹೊರಗೆ ಕಳಿಸಿದರೆ ಅವರನ್ನು ಆರಿಸಿದ್ದೇಕೆ? ಅದು ಪಾಲಕರೆಲ್ಲರ ಹಿತ. ತನ್ನ ಮಗನೊಬ್ಬನಿಗೇ ರಿಯಾಯಿತಿ ಕೇಳಿದಾಗ ಮಾತ್ರ ಮಾತು ಬೇರೆ.

ಇನ್ನೊಂದು ಸೂಕ್ಷ್ಮ, ಸಂಘವೂ ಶಾಲೆಯೂ ಒಂದೇ ಕೈಯಲ್ಲಿರುವಾಗಿನದು. ಅನುದಾನವಿಲ್ಲದ ಶಾಲೆಯ ನಿಧಿಯನ್ನು ಅದನ್ನು ನಡೆಸುವ ಸಂಸ್ಥೆಗೆ ಸಾಗಿಸಕೂಡದೆಂಬುದನ್ನು 2004ರಲ್ಲಿ ಮಾಡರ್ನ್ ಸ್ಕೂಲ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. 2009ರಲ್ಲಿ ಅದೇ ಆಡಳಿತದ ಇನ್ನೊಂದು ಸಂಸ್ಥೆಗೆ ಕೊಡುವಷ್ಟು ಮಾತ್ರ ಸಡಿಲಿಸಿತು. ರಾಜ್ಯೋತ್ಸವದ ಪೆಂಡಾಲಿನ ಬಿಲ್ಲು ಶಾಲೆಯ ಖಾತೆಗೆ ಬೀಳದಂತೆ ಖಜಾಂಚಿಗಳು ನೋಡಿಕೊಳ್ಳಲಿ.

ಚುನಾವಣೆಗೆ ನಿಲ್ಲುವ ಉತ್ಸಾಹಿಗಳಾದ ಸಹೋದ್ಯೋಗಿಗಳಿಗೆ ಒಂದು ಮಾತು. ಅದೇ ನಡತೆ ನಿಯಮಗಳ 15ನೆಯದರ ಪ್ರಕಾರ ಸಂಘಸಂಸ್ಥೆಗಳಲ್ಲಿ ಚುನಾಯಿತ ಹುದ್ದೆ ಹಿಡಿಯಲು ಸರಕಾರದ ಪೂರ್ವಾನುಮತಿ ಬೇಕು. ಅರ್ಜಿಯನ್ನು ನಾಮಪತ್ರಕ್ಕಿಂತ ಮುಂಚೆಯೇ ಕೊಡಿ. ಅದು ಎಷ್ಟು ಮೇಜು ದಾಟಬೇಕೆಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?